ಅಕ್ಕನ ಮುಂಬಲ್ಲು ಮತ್ತು ಹನ್ನೆರಡು ಸೆಕೆಂಡುಗಳ ಬೈಗುಳ

೨೦೨೩ರ ಫೆಬ್ರವರಿ ೯, ಗುರುವಾರ. ಆಧಾರ: ಕಲಬುರಗಿಯ ದಂತವೈದ್ಯರೊಬ್ಬರು ನನ್ನ ಅಕ್ಕನಿಗೆ ಬರೆದುಕೊಟ್ಟ ಚೀಟಿ. ವಾರವನ್ನು ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ. ಕಮಲಾಪುರದಲ್ಲಿರುವ ಅಕ್ಕ ಮಾತ್ರ ಅಂದು ಸೋಮವಾರವಾಗಿತ್ತೆಂದು ಈಗಲೂ ಸಾಧಿಸುತ್ತಾಳೆ. ಅಂದು ತಾನು ಉಪವಾಸವಿದ್ದೆನೆಂಬುದೇ ಅವಳ ಪುರಾವೆ. ದವಡೆ ಮರಗಟ್ಟಿದ್ದರಿಂದ ಏನೂ ತಿನ್ನಲಾಗಲಿಲ್ಲ, ಅದು ಉಪವಾಸವಲ್ಲ ಎಂಬ ನನ್ನ ವ್ಯಾಖ್ಯಾನವನ್ನು ಅವಳು ಒಪ್ಪಿಲ್ಲ.

ಅಂದು ವೈದ್ಯರು ಅವಳ ಹುಳುಕು ದವಡೆಹಲ್ಲೊಂದನ್ನು ಕಿತ್ತರು. ಎರಡು ದಿನಗಳ ಬಳಿಕ ಅಕ್ಕ ಕನ್ನಡಿಯಲ್ಲಿ ನೋಡಿಕೊಂಡಾಗ ಮೇಲಿನ ಮುಂಬಲ್ಲಿನ ಮೂಲೆ ಮುರಿದಿತ್ತು. ಇಕ್ಕಳ ಜಾರಿ ಬಡಿದಿದೆಯೆಂದು ಅವಳು ಹೇಳಿದಳು. ಬರುವಾಗಲೇ ಮುರಿದಿತ್ತೆಂದು ವೈದ್ಯರು ಹೇಳಿದರು. ಅವಳಿಗೆ ಪರಿಹಾರದ ಹಣ ಬೇಕಿರಲಿಲ್ಲ. ಹಲ್ಲು ಸರಿಮಾಡಿಕೊಟ್ಟು, ತಪ್ಪಾಯಿತೆಂದು ವೈದ್ಯರು ಒಪ್ಪಿಕೊಂಡರೆ ಸಾಕಿತ್ತು.

"ಮುರಕ ಹಲ್ಲಿನಾಕಿ ಅಂದ್ರೂ ನಡೀತದ ತಮ್ಮಾ, ಸುಳ್ಳು ಹೇಳಾಕಿ ಅಂದ್ರ ನಾ ಸುಮ್ಮ ಬಿಡಾಂಗಿಲ್ಲ" ಎಂದು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಳು.

ಹಳೆಯ ದಾಖಲೆಗಳ ಕಾಲನಿರ್ಣಯದಲ್ಲೇ ವೃತ್ತಿಜೀವನ ಕಳೆದವನು ತಮ್ಮನಾಗಿರುವಾಗ ಸಾಕ್ಷಿಯನ್ನು ಬೇರೆಡೆ ಹುಡುಕುವ ಅಗತ್ಯ ಅವಳಿಗಿರಲಿಲ್ಲ. ೨೦೨೨ರ ಡಿಸೆಂಬರ್ ೪, ಭಾನುವಾರ ನನ್ನ ಮಗಳ ಮದುವೆ ಮುಗಿದು ಅಕ್ಕ ಊರಿಗೆ ಮರಳುವವರೆಗೂ ಆ ಹಲ್ಲು ಸರಿಯಾಗಿತ್ತೆಂದು ನಾನು ಪ್ರಮಾಣಪತ್ರ ಬರೆದುಕೊಟ್ಟೆ. ಆದರೆ ನಮ್ಮ ವಕೀಲರಿಗೆ ಅದು ಸಾಲಲಿಲ್ಲ. ತಜ್ಞರ ಅಭಿಪ್ರಾಯವೂ ಬೇಕೆಂದರು.

ಹೀಗೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿರುವ, ದಂತವೈದ್ಯಕೀಯ ಕಾಲೇಜಿನ ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಗೆ ಹೋದೆ. ಅವರ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದದ್ದು ಪ್ಲಾಸ್ಟರಿನ ದವಡೆಗಳು. "ಮುರಿದಿದೆ" ಎಂಬ ಮಾತನ್ನು ಅವರು ಒಮ್ಮೆಯೂ ಬಳಸಲಿಲ್ಲ. "ಅಂಚಿನಲ್ಲಿ ಕೊರತೆ ಕಂಡುಬರುತ್ತದೆ" ಎನ್ನುತ್ತಿದ್ದರು. ನನಗೆ ಅವರ ಮೇಲೆ ಆ ಕ್ಷಣವೇ ಗೌರವ ಹುಟ್ಟಿತು.

"ಮೊದಲಿಂದು ನಗೋ ಫೋಟೋ ಒಂದರ ತರ್ರಿ ಸರ್. ಹಲ್ಲು ಕಾಣಬೇಕು."

"ನಮ್ಮ ಮನಿತನದಾಗ ಫೋಟೋಕ್ಕ ಯಾರೂ ನಗಂಗಿಲ್ರಿ."

"ಹಂಗಾರ ಸಿಟ್ಟಿಂದಾದ್ರೂ ನಡೀತದ. ಬಾಯಿ ತೆರೆದಿದ್ರ ಸಾಕು."

ನಾನು ಉತ್ಪ್ರೇಕ್ಷಿಸಿರಲಿಲ್ಲ. ಕ್ಯಾಮೆರಾದೆದುರು ಹಲ್ಲು ತೋರಿಸುವುದು ಲಘುತನವೆಂದು ನಮ್ಮ ಅಜ್ಜ ವಿಧಿಸಿದ ನಿಯಮವನ್ನು ಮೂರು ತಲೆಮಾರುಗಳು ಪಾಲಿಸಿವೆ. ಒಂಬತ್ತು ಆಲ್ಬಂಗಳನ್ನು ಭೂತಗನ್ನಡಿ ಹಿಡಿದು ಪರಿಶೀಲಿಸಿದೆ. ತನ್ನ ಮದುವೆಯಲ್ಲಿ, ಮಕ್ಕಳ ತೊಟ್ಟಿಲ ಕಾರ್ಯದಲ್ಲಿ, ಕೋಟೆಯ ತೋಪಿನ ಪಕ್ಕದಲ್ಲಿ, ಎಲ್ಲೆಡೆ ಅಕ್ಕ ಬಾಯಲ್ಲಿ ನೀರು ತುಂಬಿಕೊಂಡವಳಂತೆ ನಿಂತಿದ್ದಳು. ಕೋಟೆಯ ಚಿತ್ರದಲ್ಲಿ ತೋಪಿನ ಬಾಯಿಯಾದರೂ ತೆರೆದಿತ್ತು.

ಕೊನೆಗೆ ಮಗಳ ಮದುವೆಯ ವಿಡಿಯೋ ಕೈಹಿಡಿಯಿತು. ಊಟದ ಪಂಕ್ತಿಯಲ್ಲಿ ಶೇಂಗಾ ಹೋಳಿಗೆ ತನ್ನ ಎಲೆಯವರೆಗೆ ಬರುವ ಮೊದಲೇ ಮುಗಿದುಹೋದದ್ದಕ್ಕೆ ಅಕ್ಕ ಬಡಿಸುವವನನ್ನು ಹನ್ನೆರಡು ಸೆಕೆಂಡು ಬೈದಿದ್ದಳು. ಪ್ರಾಧ್ಯಾಪಕರು ಅದನ್ನು ಹದಿನೇಳು ಸಲ ನೋಡಿದರು.

"'ನೀ ಯಾರ ಕಡಿಯಂವ' ಅಂತಾರಲ್ರಿ, ಆ 'ನೀ'ದಾಗ ನಿಲ್ಲಸ್ರಿ. ಮುಂಬಲ್ಲು ಪೂರ್ತಿ ಕಾಣ್ತದ." ಕನ್ನಡಕ ತೆಗೆದು ಒರೆಸುತ್ತಾ, "ಭಾಳ ಚಲೋ ಬೈತಾರ ನಿಮ್ಮ ಅಕ್ಕಾರು" ಎಂದರು.

ಆ ಸಮಯದಲ್ಲಿ ಹಲ್ಲಿನ ಅಂಚು ಪೂರ್ಣವಾಗಿತ್ತೆಂದು ಅವರು ಲಿಖಿತ ಅಭಿಪ್ರಾಯ ಕೊಟ್ಟರು. ಅಕ್ಕ ಅದರ ನಕಲು ತೆಗೆಸಿ ದೇವರ ಮುಂದಿಟ್ಟಳು.

ವಿಚಾರಣೆಗೆ ಒಂದು ವಾರವಿದ್ದಾಗ ವಿಡಿಯೋದ ಸಮಯವನ್ನು ತಾಳೆ ನೋಡಲು ನನ್ನ ದಿನಚರಿ ತೆರೆದೆ. ಡಿಸೆಂಬರ್ ೪ರ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಹೋಳಿಗೆ ಸಿಗದ ಕಾರಣ ಅಕ್ಕ ಅಂಟಿನ ಉಂಡೆ ತಿಂದಳು. ಕಡಿಯುವಾಗ ಮುಂಬಲ್ಲಿನ ಮೂಲೆ ಹೋಯಿತು. ಯಾರಿಗೂ ಹೇಳಬೇಡವೆಂದಳು. ಹೇಳಿಲ್ಲ."

ಕೊಟ್ಟ ಮಾತನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದೆನೆಂದರೆ ನನಗೂ ಹೇಳಿಕೊಂಡಿರಲಿಲ್ಲ. ತಜ್ಞರ ಅಭಿಪ್ರಾಯ ನಿಜವಾಗಿತ್ತು. ನನ್ನ ಪ್ರಮಾಣಪತ್ರ ಸುಳ್ಳಾಗಿತ್ತು. ವಕೀಲರಿಗೆ ಫೋನ್ ಮಾಡಿದೆ.

"ನಿಮ್ಮ ಡೈರಿ ಯಾರರ ಕೇಳ್ಯಾರೇನ್ರಿ ಸರ್?"

"ನಾನೇ ಕೇಳೀನ್ರಿ" ಎಂದು ಕಮಲಾಪುರದ ಬಸ್ಸು ಹತ್ತಿದೆ.

ಅಕ್ಕ ಪುಟವನ್ನು ಓದಿ ಹಿಂದಿರುಗಿಸಿದಳು. "ಡೈರಿ ನಿಂದು, ಹಲ್ಲು ನಂದು. ಯಾರ ಮಾತು ನಡೀಬೇಕು?"

"ಆ ಡಾಕ್ಟರ್ ಹೆಸರು ಸುಮ್ಮಸುಮ್ಮನ ಕೆಡ್ತದ ಅಕ್ಕಾ. ನಾ ಬರೆದದ್ದು ವಾಪಸ್ ತಗೋಬೇಕು."

ಅವಳು ನಾಲಿಗೆಯಿಂದ ಹಲ್ಲಿನ ಮೂಲೆಯನ್ನು ಸವರಿ ನೋಡಿಕೊಂಡಳು. "ನಿನ್ನ ಹೆಂಡ್ತಿ ಮಾಡಿದ ಉಂಡಿ. ಮದಿವಿ ಮನ್ಯಾಗ ಆಕಿ ಮನಸ್ಸು ಯಾಕ ನೋಯಿಸಬೇಕಂತ ಸುಮ್ಮಿದ್ದೆ. ಸುಮ್ಮಿದ್ದು ಸುಮ್ಮಿದ್ದು ನನಗೂ ಮರತ ಹೋತು ನೋಡು."

ದೂರು ಹಿಂತೆಗೆದುಕೊಂಡೆವು. ನಾನು ಆಯೋಗಕ್ಕೆ ತಪ್ಪೊಪ್ಪಿಗೆಯ ಪತ್ರ ಬರೆದೆ. ಅಕ್ಕ ಒಂದು ಡಜನ್ ಕೆಂಪು ಬಾಳೆಹಣ್ಣು ಹಿಡಿದು ದಂತವೈದ್ಯರಲ್ಲಿಗೆ ಹೋಗಿ, "ತಪ್ಪು ನಂದೈತ್ರಿ" ಎಂದಳು. ತಾನು ಕೇಳಿಸಿಕೊಳ್ಳಬೇಕೆಂದಿದ್ದ ಮಾತನ್ನು ತಾನೇ ಹೇಳಬೇಕಾದದ್ದು ಅವಳಿಗೆ ಕಷ್ಟವಾಯಿತು. ವೈದ್ಯರು ಹಣ್ಣು ನೋಡಿ, "ಇನ್ಮ್ಯಾಲ ಇಂಥಾದ್ದೇ ತಿನ್ರಿ ಅಮ್ಮಾರ, ಹಲ್ಲಿನ ಕೆಲಸಾನ ಇರಂಗಿಲ್ಲ" ಎಂದು ಮೂಲೆ ತುಂಬಿಕೊಟ್ಟರು. ಅಕ್ಕ ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದು, ನನ್ನ ಹೆಂಡತಿಯನ್ನು ಕ್ಷಮಿಸಿರುವುದಾಗಿ ಘೋಷಿಸಿ, ಚಹಾ ಕುಡಿದು ಹೋದಳು.

ಹೆಂಡತಿ ಚಹಾದ ಲೋಟ ತೊಳೆದಿಟ್ಟಳು. ಬಳಿಕ ಹೇಳಿದಳು: "ನಾ ಕಟ್ಟಿದ ಉಂಡಿ ಕೈಯಾಗ ಹಿಡದ್ರನ ಪುಡಿ ಆಗ್ತಾವ್ರಿ. ಅದರಾಗ ಹಲ್ಲು ಹ್ಯಾಂಗ ಮುರೀತದ?"

ಪ್ರಶ್ನೆ ನ್ಯಾಯವಾಗಿತ್ತು. ಮದುವೆಯ ಕಾಗದಗಳ ಕಟ್ಟು ಬಿಚ್ಚಿದೆ. ಅವಳು ಬರೆದಿದ್ದ ತಿಂಡಿಗಳ ಪಟ್ಟಿ ಸಿಕ್ಕಿತು; ತಾರೀಖು ೨೦೨೨ರ ನವೆಂಬರ್ ೨೦. ಏಳನೆಯ ಸಾಲು: "ಅಂಟಿನ ಉಂಡಿ. ನಾವು ಮಾಡೋದು ಬ್ಯಾಡ. ಕಮಲಾಪುರದಿಂದ ಅಕ್ಕಾರು ಮಾಡಿಕೊಂಡು ಬರ್ತಾರ."