ಬಟ್ಟೆ ನೋಡಿ ಬಣ್ಣ ಹೇಳುತ್ತಿದ್ದ ಅಕ್ಕ

ಅಕ್ಕನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಯಾವಾಗಲೂ ಪಟ್ಟೆ ಪಟ್ಟೆ. ಕಂದು, ಇಟ್ಟಿಗೆ ಕೆಂಪು, ನೇರಳೆ, ಮತ್ತೆ ಕಂದು. ಗಿರಾಕಿಯ ಮುಖಕ್ಕೆ ಹಚ್ಚುವ ಮೊದಲು ಪ್ರತಿಯೊಂದು ಬಣ್ಣವನ್ನೂ ತನ್ನ ಕೈ ಮೇಲೆ ಎಳೆದು ನೋಡುತ್ತಿದ್ದಳು. ಒರೆಸಿಕೊಳ್ಳಲು ಮಾತ್ರ ಪುರುಸೊತ್ತಿರುತ್ತಿರಲಿಲ್ಲ. ತರಕಾರಿ ಅಂಗಡಿಗೆ ಹೋದರೂ ಅದೇ ಕೈ, ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಅದೇ ಕೈ. ಗೊತ್ತಿಲ್ಲದವರು ಏನೋ ಚರ್ಮದ ಕಾಯಿಲೆ ಇರಬೇಕೆಂದು ಸ್ವಲ್ಪ ದೂರ ಸರಿದು ಕೂರುತ್ತಿದ್ದರು. ಅವಳಿಗೆ ಅದರ ಬೇಜಾರೇ ಇಲ್ಲ. ಸಿಕ್ಕ ಜಾಗದಲ್ಲಿ ಆರಾಮಾಗಿ ಕಾಲು ಮಡಿಸಿ ಊಟ ಮಾಡುತ್ತಿದ್ದಳು.

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಒಂದು ಮೆಡಿಕಲ್ ಶಾಪಿನ ಮಹಡಿಯ ಮೇಲೆ ಅವಳ ಬ್ಯೂಟಿ ಪಾರ್ಲರ್. ನಾನು ಕಡೂರಿನವಳು, ಸರ್ಕಾರಿ ಬಸ್ಸಿನ ಕಂಡಕ್ಟರ್. ಬೀರೂರು, ಅಜ್ಜಂಪುರದ ಮೇಲೆ ತರೀಕೆರೆಗೆ ಬಂದು ನಿಲ್ಲುವ ರೂಟು ನನ್ನದು. ಡ್ರೈವರಣ್ಣ ಟೀ ಕುಡಿದು ಪೇಪರು ಓದಿ ಮುಗಿಸುವಷ್ಟರಲ್ಲಿ ನಾನು ಮಹಡಿ ಹತ್ತಿ ಇಳಿದು ಬರುತ್ತಿದ್ದೆ. ಹಾಗೆ ಬೆಳೆದ ಸ್ನೇಹ ಅದು. ಅವಳನ್ನು ತರೀಕೆರೆಯಲ್ಲಿ ಎಲ್ಲರೂ ಪಾರ್ಲರ್ ಅಕ್ಕ ಎಂದೇ ಕರೆಯುತ್ತಿದ್ದರು. ನನಗಂತೂ ಬರೀ ಅಕ್ಕ.

ಮೊದಲ ಸಲ ಹುಬ್ಬು ತಿದ್ದಿಸಿಕೊಳ್ಳಲು ಹೋದಾಗ ನಾನು ಖಾಕಿಯಲ್ಲೇ ಇದ್ದೆ. ಆಗ ಫೋನ್ ತೆರೆದರೆ ಸಾಕು, ಸ್ಟ್ರಾಬೆರಿ ಮೇಕಪ್ ಎನ್ನುವ ಹುಚ್ಚು. ಕೆನ್ನೆ ಕೆಂಪು, ಮೂಗಿನ ತುದಿ ಕೆಂಪು, ಅದರ ಮೇಲೆ ಹಣ್ಣಿನ ಬೀಜದ ಹಾಗೆ ಪುಟ್ಟ ಪುಟ್ಟ ಚುಕ್ಕೆ. ನಾನು ಎಣ್ಣೆಗಪ್ಪು ಬಣ್ಣದವಳು. ಆದರೂ ಯಾರೋ ಹುಡುಗಿ ಫೋನಿನಲ್ಲಿ ತೋರಿಸಿದಳೆಂದು ತುಟಿಗೂ ಕೆನ್ನೆಗೂ ತಿಳಿಗುಲಾಬಿ ಬಳಿದುಕೊಂಡು ಟಿಕೆಟ್ ಹರಿಯುತ್ತಿದ್ದೆ. ಅಕ್ಕ ಬಾಗಿಲಲ್ಲೇ ತಡೆದು, ನನ್ನ ಮುಖವನ್ನೊಮ್ಮೆ ಯೂನಿಫಾರ್ಮನ್ನೊಮ್ಮೆ ನೋಡಿದಳು.

“ಸ್ಟ್ರಾಬೆರಿ ತಿಂದಿದ್ದೀಯೇನೇ?” ಎಂದು ಕೇಳಿದಳು.

ಜಾಮ್ ತಿಂದಿದ್ದೇನೆ ಎಂದೆ.

“ನಾನೂ ಅಷ್ಟೇ. ಬಾಯಿಗೇ ಗೊತ್ತಿಲ್ದಿರೋದು ಮುಖಕ್ಕೆಲ್ಲಿ ಒಗ್ತದೆ? ಬಾ ಇಲ್ಲಿ.”

ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ನನ್ನ ಶೃಂಗಾರವನ್ನೆಲ್ಲ ಒರೆಸಿ ಹಾಕಿದಳು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಬಾಯಿಯೂ ಕಮ್ಮಿಯಲ್ಲ, ದುಡ್ಡು ಕೊಡೋಳು ನಾನು, ಹುಬ್ಬು ತಿದ್ದುವುದಷ್ಟೇ ನಿನ್ನ ಕೆಲಸ ಎಂದು ಬೈದೆ. ಅವಳು ಕೇಳಿಸಿಕೊಂಡರೆ ತಾನೆ! ಕೈ ಹಿಡಿದು ಮೆಟ್ಟಿಲ ಬಳಿ ಬಿಸಿಲಿಗೆ ನಿಲ್ಲಿಸಿದಳು. ಟ್ಯೂಬ್‌ಲೈಟು ಎಲ್ಲರನ್ನೂ ಬೆಳ್ಳಗೆ ತೋರಿಸಿ ಮೋಸ ಮಾಡುತ್ತದೆ ಎನ್ನುವುದು ಅವಳ ಯಾವತ್ತಿನ ದೂರು. ಖಾಕಿಯೆಂದರೆ ಮಣ್ಣಿನ ಬಣ್ಣ, ಅದಕ್ಕೆ ಬೆಲ್ಲದ ಕಾಫಿಯೇ ಸರಿ ಎಂದು ಯಾವುದೋ ಡಬ್ಬಿಯ ಕಂದನ್ನು ತುಟಿಗಿಟ್ಟು, ಅದನ್ನೇ ಬೆರಳಿನಲ್ಲಿ ತೆಳ್ಳಗೆ ಮಾಡಿ ಕೆನ್ನೆಗೆ ಎಳೆದಳು. ಕನ್ನಡಿಯಲ್ಲಿ ನೋಡಿದರೆ ಬಣ್ಣ ಹಚ್ಚಿದ ಹಾಗೇ ಇರಲಿಲ್ಲ. ವಾರದ ರಜೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿ ಎದ್ದ ನಾನೇ ಅಲ್ಲಿದ್ದೆ.

“ಹಚ್ಚಿದ್ದು ಕಾಣ್ಬಾರ್ದು ಕಣೇ, ಹಚ್ಕೊಂಡೋಳು ಕಾಣ್ಬೇಕು,” ಎಂದಳು. ಈ ಮಾತನ್ನು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು.

ಹುಡುಗಿಯರು ಫೋನ್ ಹಿಡಿದು ಬರುತ್ತಿದ್ದರು. ಹಾಲು ಕಾಫಿ ಬಣ್ಣದ ಲ್ಯಾಟೆ ಮೇಕಪ್ ಬೇಕು, ಚೆರ್ರಿ ಕೋಲಾ ತುಟಿ ಬೇಕು, ಪೀಚ್ ಹಣ್ಣಿನ ಕೆನ್ನೆ ಬೇಕು. ಅಕ್ಕ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಮೊದಲು ನಾಳೆ ಉಡೋ ಬಟ್ಟೆ ಯಾವುದು ಹೇಳು ಎನ್ನುತ್ತಿದ್ದಳು. ಬಟ್ಟೆ ಕೇಳಿ, ಬಿಸಿಲಿನಲ್ಲಿ ಮುಖ ನೋಡಿ, ಆ ದೂರದ ತಿಂಡಿತೀರ್ಥಗಳನ್ನೆಲ್ಲ ನಮ್ಮ ಅಡುಗೆಮನೆಗೆ, ತೋಟಕ್ಕೆ ಇಳಿಸುತ್ತಿದ್ದಳು. ಚೆರ್ರಿ ಕೋಲಾ ಬೇಕೆಂದವಳಿಗೆ ನೇರಳೆಹಣ್ಣು ತಿಂದ ತುಟಿ. ಪೀಚ್ ಕೇಳಿದವಳಿಗೆ ಕೆಂಪು ಸೀಬೆಹಣ್ಣಿನ ಒಳಗಡೆಯ ಬಣ್ಣ, ಅದೂ ಹಸಿರು ಚೂಡಿದಾರ್ ಇದ್ದರೆ ಮಾತ್ರ. ಆಶಾ ಕಾರ್ಯಕರ್ತೆಯೊಬ್ಬರು ದಿನಾ ಗುಲಾಬಿ ಸೀರೆ ಉಟ್ಟು ಗುಲಾಬಿ ತುಟಿ ಮಾಡಿಕೊಂಡು ಓಡಾಡುತ್ತಿದ್ದರು. ಸೀರೆಯೇ ಮಾತಾಡ್ತದೆ, ಮುಖ ಮೂಕ ಆಗ್ತದೆ ಎಂದು ಅವರಿಗೆ ಹುಣಸೆಹಣ್ಣಿನ ಬಣ್ಣ ಹಚ್ಚಿ ಕಳಿಸಿದಳು. ಲಕ್ಕವಳ್ಳಿಯ ಡ್ಯಾಮ್ ಆಫೀಸಿನ ಮೇಡಂ ಒಬ್ಬರು ತಾವು ಬೆಳ್ಳಗಿರುವುದರಿಂದ ಏನು ಹಚ್ಚಿದರೂ ಒಪ್ಪುತ್ತದೆ ಎಂದು ಬಂದಿದ್ದರು. ಒಪ್ಪುವುದಿಲ್ಲ ಎಂದು ಮುಖದ ಮೇಲೇ ಹೇಳಿಬಿಟ್ಟಳು. ಅವರು ಮತ್ತೆ ಬರಲಿಲ್ಲ.

ಸಖರಾಯಪಟ್ಟಣದ ಕಡೆಯ ಒಬ್ಬ ಮದುಮಗಳನ್ನು ಅವಳು ತಯಾರು ಮಾಡಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಹುಡುಗಿ ನನ್ನಷ್ಟೇ ಕಪ್ಪು. ಗಂಡಿನ ಕಡೆಯ ಹೆಂಗಸೊಬ್ಬಳು ಡ್ರೆಸಿಂಗ್ ರೂಮಿಗೇ ಬಂದು, ಫೋಟೋದಲ್ಲಿ ಬೆಳ್ಳಗೆ ಬರಬೇಕು, ಎರಡು ಕೋಟ್ ಜಾಸ್ತಿ ಹೊಡಿ ಎಂದಳು, ಗೋಡೆಗೆ ಸುಣ್ಣ ಹೊಡೆಸುವವಳ ಹಾಗೆ. ಅಕ್ಕ ಹುಡುಗಿಯ ಕೈಯನ್ನು ಅವಳದೇ ಕೆನ್ನೆಯ ಪಕ್ಕ ಹಿಡಿದು, ತಾಳಿ ಕಟ್ಟಿಸಿಕೊಳ್ಳೋವಾಗ ಮುಖ ಒಬ್ಬಳದು ಕೈ ಇನ್ನೊಬ್ಬಳದು ಅಂತ ಕಾಣ್ಬೇಕಾ ನಿಮಗೆ ಎಂದು ಕೇಳಿದಳು. ಆ ಹೆಂಗಸು ಮುಖ ತಿರುಗಿಸಿ ಹೋಗಿ ಊರೆಲ್ಲ ಡಂಗುರ ಹೊಡೆದಳು. ಆ ಸೀಸನ್ನಿನಲ್ಲಿ ಮದುವೆ ಕೆಲಸ ಕಮ್ಮಿಯಾಯಿತು. ಅಕ್ಕ ಎರಡು ದಿನ ಮಂಕಾಗಿದ್ದು ಮೂರನೇ ದಿನ ಯಥಾಪ್ರಕಾರ ಕೈಗೆ ಪಟ್ಟೆ ಎಳೆದುಕೊಂಡು ಕೂತಿದ್ದಳು.

ಇಷ್ಟೆಲ್ಲ ಮಾಡುವವಳು ತನ್ನ ಮುಖಕ್ಕೆ ಮಾತ್ರ ಒಂದು ಗೆರೆ ಹಚ್ಚಿಕೊಳ್ಳುತ್ತಿರಲಿಲ್ಲ. ಅದರಲ್ಲೂ ಅಜ್ಜಂಪುರದ ಹತ್ತಿರದ ತವರುಮನೆಗೆ ಹೋಗುವ ದಿನ ಸೋಪು ಹಾಕಿ ಮೊಣಕೈವರೆಗೂ ತಿಕ್ಕಿ ತೊಳೆದೇ ಬಸ್ ಹತ್ತುತ್ತಿದ್ದಳು. ಅವ್ವನಿಗೆ ಬಣ್ಣಗಿಣ್ಣ ಸೇರೋದಿಲ್ಲ, ಪೂಜೆ ಮಾಡೋ ಜೀವ ಎನ್ನುತ್ತಿದ್ದಳು. ಅವ್ವನ ಮಾತು ಬಂದರೆ ನಮ್ಮ ಬಾಯಾಳಿ ಅಕ್ಕ ಸಣ್ಣ ಹುಡುಗಿಯಾಗಿಬಿಡುತ್ತಿದ್ದಳು.

ಕಾಯಿಲೆ ಬಂದದ್ದನ್ನು ಅವಳು ನನಗೇ ಮೊದಲು ಹೇಳಿದಳು. ಗಂಡ ಅಡಿಕೆ ಮಂಡಿಯಲ್ಲಿ ತೂಕ ನೋಡುವವರು, ಮಾತು ಕಮ್ಮಿ. ಮಕ್ಕಳಿರಲಿಲ್ಲ. ಎದೆಯ ಗಂಟು ಕ್ಯಾನ್ಸರ್ ಎಂದು ಶಿವಮೊಗ್ಗದಲ್ಲಿ ಹೇಳಿದ್ದರು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಕೂದಲು ಹೋಯಿತು, ಹುಬ್ಬು ಹೋಯಿತು. ಗೋಧಿ ಬಣ್ಣದ ಮುಖ ಬೂದಿ ಕಲೆಸಿದ ಹಾಗೆ ಕಪ್ಪಾಯಿತು. ಒಂದು ದಿನ ನಾನು ಹೋದಾಗ ಡಬ್ಬಿಗಳನ್ನೆಲ್ಲ ಹರವಿಕೊಂಡು ಕೂತಿದ್ದಳು. ಯಾವುದೂ ಹೊಂದುತ್ತಿಲ್ಲ, ಈ ಬಣ್ಣ ನಾನು ಕಂಡೇ ಇಲ್ಲ ಎಂದಳು. ನಗುತ್ತಲೇ ಹೇಳಿದಳು. ನಾನು ಕೆಳಗೆ ಬಂದು ಬಸ್ಸಿಗೆ ಸೀಟಿ ಊದಿದೆ.

ಅವಳ ಚಿಂತೆ ಸಾವಿನದಾಗಿರಲಿಲ್ಲ, ಅವ್ವನದು. ಅಪ್ಪ ತೀರಿಕೊಂಡಾಗ ಅವ್ವ ಊಟ ಬಿಟ್ಟುಬಿಟ್ಟಿದ್ದರಂತೆ. ಮಠದ ಸ್ವಾಮಿಗಳೇ ಮನೆಗೆ ಬಂದು ಎದುರಿಗೆ ಕೂರಿಸಿಕೊಂಡು ಒಂದು ತುತ್ತು ಉಣ್ಣಿಸಬೇಕಾಯಿತಂತೆ. ಈಗ ಮಗಳಿಗೆ ಹೀಗೆ ಅಂತ ಗೊತ್ತಾದರೆ ಅವ್ವ ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿ. ಅವ್ವನ ಜೊತೆಗಿದ್ದ ತನ್ನ ತಮ್ಮನಿಗೆ ಆಣೆ ಹಾಕಿಸಿ ಬಾಯಿ ಕಟ್ಟಿದ್ದಳು. ಫೋನಿನಲ್ಲಿ ಅವ್ವನ ಹತ್ತಿರ ದಿನಾ ಮಾತಾಡುತ್ತಿದ್ದಳು, ಆದರೆ ಮುಖ ತೋರಿಸಿ ತಿಂಗಳುಗಳೇ ಆಗಿದ್ದವು. ಅವ್ವ ಕೊನೆಗೆ, ನೀನು ಬರ್ದಿದ್ರೆ ನಾನೇ ಬತ್ತೀನಿ ಎಂದು ಹಟ ಹಿಡಿದರು.

“ನೀನು ಹಚ್ಚಬೇಕು ಕಣೇ,” ಎಂದಳು ಅಕ್ಕ. “ನನ್ನ ಕೈ ನಡುಗ್ತದೆ. ಲ್ಯಾಟೆ ಗೀಟೆ ಬ್ಯಾಡ. ಹೊಟ್ಟೆ ತುಂಬ ಉಂಡೋಳ ಬಣ್ಣ ಬೇಕು ನಂಗೆ.”

ನನ್ನ ವಾರದ ರಜೆಯ ದಿನ ಅವಳನ್ನು ಅದೇ ಮೆಟ್ಟಿಲ ಬಿಸಿಲಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದೆ. ಅವಳು ಹೇಳುತ್ತಾ ಹೋದಳು, ನಾನು ಹಚ್ಚುತ್ತಾ ಹೋದೆ. ಮೊದಲು ಇಟ್ಟಿಗೆ ಕೆಂಪು ತೆಳ್ಳಗೆ, ಬೂದು ಬಣ್ಣ ಅಡಗಲಿ ಎಂದು. ಅದರ ಮೇಲೆ ಎರಡು ಕಂದು ಬೆರೆಸಿದ ಫೌಂಡೇಶನ್, ಕತ್ತಿನವರೆಗೂ, ಕೈಗೂ. ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣ ಕೆನ್ನೆಗೆ. ಹುಬ್ಬನ್ನು ಪೆನ್ಸಿಲಿನಲ್ಲಿ ಒಂದೊಂದೇ ಕೂದಲಿನಂತೆ ಬರೆದೆ. ಹಸಿರು ಸೀರೆ ತೆಗೆದಿಟ್ಟಿದ್ದೆ. ಹಸಿರು ಕಾಯಿಲೆಯನ್ನು ಮುಖಕ್ಕೆ ತಳ್ಳುತ್ತದೆ ಎಂದು ಅದನ್ನು ಬಿಟ್ಟು ಕೆಮ್ಮಣ್ಣು ಬಣ್ಣದ ಹತ್ತಿ ಸೀರೆ ಉಟ್ಟಳು. ತಲೆಗೆ ಸೆರಗು ಹೊದ್ದಳು, ಅವರ ಮನೆಯಲ್ಲಿ ಅದು ರೂಢಿಯೇ. ಕನ್ನಡಿ ಹಿಡಿದೆ. ಬಹಳ ಹೊತ್ತು ನೋಡಿಕೊಂಡು, ಬಂದ್ಬಿಟ್ಳಲ್ಲೇ ಅವಳು ಎಂದಳು. ಇಬ್ಬರಿಗೂ ಅಳು ಬಂತು, ಆದರೆ ಬಣ್ಣ ಕೆಟ್ಟೀತೆಂದು ಅವಳು ಅಳಲಿಲ್ಲ.

ಇಬ್ಬರೂ ಬಸ್ಸಿಳಿದು ಹೋದಾಗ ಅವ್ವ ಬಾಗಿಲಲ್ಲೇ ಕಾದಿದ್ದರು. ಸಣ್ಣ ಆಕಾರ, ಹಣೆ ತುಂಬ ವಿಭೂತಿ. ತೆಳ್ಳಗಾಗಿದ್ದೀಯಲ್ಲೇ ಎಂದರು. ಡಯಟ್ ಮಾಡ್ತಿದ್ದೀನಿ, ಸಕ್ಕರೆ ಕಾಯಿಲೆ ಬರ್ಬಾರ್ದಲ್ಲ ಎಂದು ಅಕ್ಕ ಸಲೀಸಾಗಿ ಸುಳ್ಳು ಹೇಳಿದಳು. ದೇವರ ಮನೆಯ ಮುಂದೆ ಅಕ್ಕ ಬಗ್ಗಿ ನಮಸ್ಕಾರ ಮಾಡಿದಳು. ಅವ್ವ ವಿಭೂತಿ ಗಟ್ಟಿಯ ಮೇಲೆ ಮೂರು ಬೆರಳು ಉಜ್ಜಿ ಮಗಳ ಹಣೆಗೆ ಎಳೆದರು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಏಳು, ಎಲೆ ಹಾಕ್ತೀನಿ ಎಂದು ಒಳಗೆ ಹೋದರು. ಮುದ್ದೆ, ಅವರೆಕಾಳು ಸಾರು. ಕೀಮೋದಿಂದ ಅಕ್ಕನ ಬಾಯೆಲ್ಲ ಹುಣ್ಣು ಎಂದು ನನಗೆ ಗೊತ್ತಿತ್ತು. ಆದರೂ ನಗುತ್ತ, ತಮಾಷೆ ಮಾಡುತ್ತ, ಎರಡನೇ ಸಲ ಬಡಿಸಿಕೊಂಡು ಉಂಡಳು. ಅವ್ವ ಪಕ್ಕದಲ್ಲೇ ಕೂತು ಸಾರಿಗೆ ತುಪ್ಪ ಸುರಿಯುತ್ತಲೇ ಇದ್ದರು.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತವಳು, “ಗೊತ್ತಾಗ್ಲಿಲ್ಲ ಅಲ್ವಾ?” ಎಂದು ಕೇಳಿದಳು. ಒಂಚೂರೂ ಗೊತ್ತಾಗಲಿಲ್ಲ ಎಂದೆ. ನಿಜವಾಗಿ ಹಾಗೇ ನಂಬಿದ್ದೆ. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಮತ್ತೆ ನೋಡಲಿಲ್ಲ.

ಮಳೆಗಾಲ ಶುರುವಾಗುವ ಮುಂಚೆಯೇ ಹೋಗಿಬಿಟ್ಟಳು. ಸುದ್ದಿ ತಿಳಿದು ಡ್ಯೂಟಿ ಬದಲಾಯಿಸಿಕೊಂಡು ತರೀಕೆರೆಯ ಮನೆಗೆ ಓಡಿದೆ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅಕ್ಕನನ್ನೂ ಹೂವಿನ ಹಾರ ಹಾಕಿ ಬಾಗಿಲಿಗೆ ಎದುರಾಗಿ ಕೂರಿಸಿದ್ದರು. ಮುಖ ತೊಳೆದಿದ್ದರು. ಬೂದು ಬಣ್ಣ, ಹುಬ್ಬಿಲ್ಲದ ಹಣೆ, ಎಲ್ಲ ಬಯಲು. ಅಕ್ಕನ ತಮ್ಮ ಅವ್ವನನ್ನು ಕಾರಿನಲ್ಲಿ ಕರೆತರುತ್ತಿದ್ದಾನೆ, ಅವರಿಗೆ ಹಾರ್ಟ್ ಅಟ್ಯಾಕ್ ಅಂತ ಹೇಳಿದ್ದಾನಂತೆ ಎಂದು ಗೊತ್ತಾಯಿತು. ಈ ಮುಖ ನೋಡಿದರೆ ಅವ್ವನಿಗೆ ಎಲ್ಲ ತಿಳಿದುಹೋಗುತ್ತದೆ, ಅಕ್ಕ ಪಟ್ಟ ಪಾಡೆಲ್ಲ ನೀರುಪಾಲು. ಭಾವನ ಒಪ್ಪಿಗೆ ಕೇಳಿ, ಡಬ್ಬಿ ತಂದು, ಎದುರಿಗೆ ಮಂಡಿಯೂರಿದೆ. ಇಟ್ಟಿಗೆ ಕೆಂಪಿನ ಮುಚ್ಚಳ ತೆಗೆದೆ.

“ಬಿಡು ಮಗ. ಇನ್ ಯಾರಿಗ್ ಮುಚ್ಚಬೇಕು?”

ಅವ್ವ ನನ್ನ ಹಿಂದೆಯೇ ನಿಂತಿದ್ದರು. ಮಗಳ ಪಕ್ಕ ಕೂತು, ಅವಳ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಸವರಿದರು. ನಾನು ಏನೇನೋ ಹೇಳಲು ಹೋದೆ. ಅವರು ಬೇಡ ಎಂದು ತಲೆಯಾಡಿಸಿದರು.

“ಅವತ್ತು ಇಬೂತಿ ಹಚ್ಚೋವಾಗ ನನ್ನ ಬೆರಳಿಗೆ ಬಣ್ಣ ಬಂತು ಕಣವ್ವ. ಅದ್ರ ಅಡಿಯಾಗೆ ಹಣೆ ಹೆಂಗಾಗಿತ್ತು ಅಂತ ಕಂಡ್ತು. ನನ್ನ ಮಗಳು ಯಾವತ್ತೂ ಬಣ್ಣ ಹಚ್ಕೊಂಡು ನಮ್ಮನೆ ಬಾಗ್ಲು ತುಳಿದೋಳಲ್ಲ. ಒಳಗೋಗಿ ಮಗನ್ನ ಕೇಳ್ದೆ, ಹೇಳ್ದ. ನಂಗೆ ಗೊತ್ತು ಅಂತ ಯಾರಿಗೂ ಬಾಯಿ ಬಿಡ್ಬ್ಯಾಡ ಅಂತ ನಾನೂ ಅವನಿಗೆ ಆಣೆ ಹಾಕಿಸ್ದೆ. ಗೊತ್ತಾಯ್ತು ಅಂದಿದ್ರೆ ಅವತ್ತು ಅವಳ ಗಂಟಲಾಗೆ ಒಂದು ತುತ್ತು ಇಳೀತಿತ್ತಾ?”

ಇಡೀ ತರೀಕೆರೆಯ ಮುಖಗಳಿಗೆ ಬಣ್ಣ ಹೊಂದಿಸಿದವಳು, ಅವ್ವ ಹಣೆ ಮುಟ್ಟುತ್ತಾರೆ ಎನ್ನುವುದೊಂದನ್ನು ಮರೆತಿದ್ದಳು. ಹುಟ್ಟಿದಾಗಿನಿಂದ ಮುಟ್ಟಿಸಿಕೊಂಡ ಹಣೆ. ನೆನಪಿಟ್ಟುಕೊಳ್ಳಬೇಕು ಎಂದು ಯಾರಿಗಾದರೂ ಹೊಳೆಯುತ್ತದೆಯೇ? ನಾನು ಡಬ್ಬಿ ಮುಚ್ಚಿದೆ. ಬರೀ ಮುಖದಲ್ಲೇ ಅವಳನ್ನು ಕಳಿಸಿಕೊಟ್ಟೆವು.

ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟರು. ಯಾರೂ ಎಲೆಯ ಮುಂದೆ ಕೂರಲಿಲ್ಲ. ಅಕ್ಕನ ತಮ್ಮ ಮೂಲೆಯಲ್ಲಿ ನಿಂತು ಅವ್ವನನ್ನೇ ನೋಡುತ್ತಿದ್ದ, ಅವನ ಮುಖದಲ್ಲಿ ಹೆದರಿಕೆ ಇತ್ತು. ಅವ್ವ ತಾವಾಗಿಯೇ ಎದ್ದು ಬಂದು ಕೂತರು. ಬಡಿಸು ಎಂದು ನನಗೆ ಹೇಳಿದರು. ನಾನು ಸೌಟು ಹಿಡಿದು ಹಾಗೇ ನಿಂತಿದ್ದೆ.

“ನಾನು ಉಣ್ಲಿ ಅಂತ ತಾನೆ ಅಷ್ಟೆಲ್ಲ ಮಾಡಿದ್ಲು,” ಎಂದರು. “ಬಡ್ಸು.”

ಬಡಿಸಿದೆ. ಅವ್ವ ಅನ್ನ ಕಲಸಿ ಬಾಯಿಗಿಟ್ಟುಕೊಂಡರು. ಕಣ್ಣೀರು ಸುರಿಯುತ್ತಿತ್ತು, ನುಂಗಲು ಆಗುತ್ತಿರಲಿಲ್ಲ, ಆದರೂ ಬಿಡಲಿಲ್ಲ. ನಾನು ಎದುರಿಗೇ ಕೂತಿದ್ದೆ. ಬಹಳ ಹೊತ್ತು ಹಿಡಿಯಿತು. ಎಲೆಯಲ್ಲಿದ್ದದ್ದನ್ನೆಲ್ಲ ಉಂಡು, ಕೈ ತೊಳೆದು, ಅವರು ಎದ್ದರು.