ಗೋಡೆಯಾಚೆ ಸಾಕಮ್ಮ ಇದ್ದಾಗ

ನಮ್ಮ ಚಾಮರಾಜನಗರ ಆಗಿನ್ನೂ ಹೊಸದಾಗಿ ಜಿಲ್ಲೆಯಾಗಿತ್ತು. ಊರಿಗೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರರು ಬಂದರು, ನೌಕರರ ಹಿಂದೆ ಲೇಔಟುಗಳು ಬಂದವು. ಮೊಬೈಲು ದೊಡ್ಡ ಮನುಷ್ಯರ ಸೊಂಟದಲ್ಲಿ ಮಾತ್ರ ಕಾಣುತ್ತಿದ್ದ ಕಾಲ. ನಿನ್ನೆ ಮೊನ್ನೆಯವರೆಗೆ ಹುರುಳಿ ಬಿತ್ತಿದ್ದ ಹೊಲಕ್ಕೆ ಸುಣ್ಣ ಬಳಿದ ಕಲ್ಲು ನೆಟ್ಟು, ಕಲ್ಲಿನ ಮೇಲೆ ನಂಬರು ಬರೆದು, ಅದಕ್ಕೆ 'ನಗರ' ಅಂತ ಹೆಸರಿಡುತ್ತಿದ್ದರು. ಅಂಥದೊಂದು ನಗರಕ್ಕೆ ನಾವು ಮೊದಲ ಪ್ರಜೆಗಳಾಗಿ ಹೋದೆವು. ಬಹಳ ದಿನ ಕೊನೆಯ ಪ್ರಜೆಗಳೂ ನಾವೇ ಆಗಿದ್ದೆವು.

ಅದಕ್ಕೆ ಮುಂಚೆ ಪೇಟೆಯೊಳಗಿನ ಒಂದು ವಠಾರದಲ್ಲಿದ್ದೆವು. ಎದುರುಬದುರು ಸಾಲುಮನೆ, ನಡುವೆ ಅಂಗಳ, ಅಷ್ಟೂ ಮನೆಗೆ ಒಂದೇ ನಲ್ಲಿ. ಚರಂಡಿಯ ವಾಸನೆ, ನಲ್ಲಿಯ ಹತ್ತಿರ ಬಿಂದಿಗೆ ಜಗಳ, ಕಕ್ಕಸಿನ ಮುಂದೆ ಸಾಲು. ಅದನ್ನು ಸ್ವರ್ಗ ಅಂತ ನಾನು ಹೇಳುವುದಿಲ್ಲ. ಮಳೆ ಬಂದರೆ ಚರಂಡಿ ನೀರು ಹೊಸಿಲು ದಾಟಿ ನಮ್ಮ ಚಾಪೆಯವರೆಗೆ ಬರುತ್ತಿತ್ತು. ಆದರೆ ಕುಂಟೆಬಿಲ್ಲೆ ಆಡಲು ಅಂಗಳಕ್ಕಿಳಿದು ಒಂದು ಬಚ್ಚದ ಕಲ್ಲು ಎಸೆದರೆ ಸಾಕು, ನಾಲ್ಕು ಮನೆಯಿಂದ ನಾಲ್ಕು ಹುಡುಗಿಯರು ಹೊರಬರುತ್ತಿದ್ದರು.

ನಮ್ಮ ಅಡುಗೆಮನೆಗೂ ಪಕ್ಕದ ಸಾಕಮ್ಮನ ಅಡುಗೆಮನೆಗೂ ಒಂದೇ ಗೋಡೆ. ಸಾಕಮ್ಮ ಚಂದಕವಾಡಿಯಿಂದ ಮದುವೆಯಾಗಿ ಬಂದವಳು, ಬೆಳಿಗ್ಗೆ ಬೀದಿಬೀದಿ ತಿರುಗಿ ಸೊಪ್ಪು ಮಾರುತ್ತಿದ್ದಳು. ಅವ್ವನಿಗೆ ಕರಿಬೇವು ಬೇಕಾದರೆ ಮುದ್ದೆ ಕೋಲಿನಿಂದ ಗೋಡೆಗೆ ಎರಡು ಏಟು ಹಾಕುತ್ತಿದ್ದಳು. "ಏನಮ್ಮೀ ಗೌರೀ?" ಅಂತ ಆ ಕಡೆಯಿಂದ ದನಿ ಬರುತ್ತಿತ್ತು. ಸಾಕಮ್ಮ ಉಪ್ಸಾರಿಗೆ ಖಾರ ಅರೆದ ದಿನ ಬೆಳ್ಳುಳ್ಳಿ ಮೆಣಸಿನ ಘಾಟು ನಮ್ಮ ಮನೆಗೇ ಮೊದಲು ಬರುತ್ತಿತ್ತು. ಅದರ ಹಿಂದೆಯೇ ಬಟ್ಟಲೂ ಬರುತ್ತಿತ್ತು.

ಅವ್ವನ ತವರು ಗುಂಡ್ಲುಪೇಟೆ. ಈರುಳ್ಳಿ ಮಂಡಿಯ ಹಿಂದೆ ಅವರ ಮನೆ. ಹಗಲು ರಾತ್ರಿ ಕೇರಳದ ಲಾರಿಗಳು ಹಾರನ್ ಹೊಡೆಯುವ ಜಾಗದಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. "ನಿಮ್ಮವ್ವನ್ನ ಮಲುಗುಸ್ಬೇಕಾದ್ರೆ ಒಂದು ಲಾರಿ ತಂದು ನಿಲ್ಲುಸ್ಬೇಕು ಕಣಮ್ಮಿ" ಅಂತ ಅಪ್ಪ ನಗುತ್ತಿದ್ದ.

ಅಪ್ಪ ಕಚೇರಿಯಲ್ಲಿ ಗುಮಾಸ್ತ. ವಠಾರವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಗುಂಡ್ಲುಪೇಟೆ ರಸ್ತೆಯಲ್ಲಿ, ಊರು ಮುಗಿದು ಒಂದಷ್ಟು ದೂರ ಹೋದ ಮೇಲೆ ಒಂದು ಸೈಟು ಕೊಂಡ. ಭಾನುವಾರ ನಮ್ಮನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಹೋಗಿ ಬರೀ ಗಾಳಿಯನ್ನು ತೋರಿಸುತ್ತಿದ್ದ.

"ನೋಡು ಗೌರಿ, ಏನ್ ಗಾಳಿ, ಏನ್ ಬೆಳಕು! ನಿಮ್ಮೂರ್ ಕಡೆ ರೋಡೇ ಕಣ. ಬಸ್ಸು ಇಲ್ಲೇ ಓಯ್ತದೆ."

"ಬಸ್ಸು ಓಯ್ತದೆ. ನಿಲ್ತದಾ?" ಅಂದಳು ಅವ್ವ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಅಪ್ಪ ಆ ಬೆಟ್ಟದ ಮೇಲೆ ಮನೆಯನ್ನೇ ಕಟ್ಟಿಬಿಟ್ಟ. ಆಷಾಢ ಹತ್ತಿರ ಬಂದಿತ್ತು, ಬಂದಮೇಲೆ ಒಕ್ಕಲಾಗುವಂತಿಲ್ಲ. ಹೊರಗೋಡೆಗೆ ಗಾರೆ ಆಗಿರಲಿಲ್ಲ, ಕರೆಂಟು ಬಂದಿರಲಿಲ್ಲ, ಬಡಗಿ ಮುಂಬಾಗಿಲಿಗೆ ಒಳಗಿನ ಅಗುಳಿ ಮಾತ್ರ ಹಾಕಿ, ಹೊರಗಿನ ಚಿಲಕ ಆಮೇಲೆ ಅಂತ ಹೋಗಿದ್ದ. ಅಷ್ಟರಲ್ಲೇ ಹಾಲು ಉಕ್ಕಿಸಿದೆವು. ಅವ್ವ ಆಗ ಬಸುರಿ. ನನ್ನ ನಂತರ ಎಷ್ಟೋ ವರ್ಷಕ್ಕೆ ನಿಂತ ಬಸಿರು. ನನಗೆ ತಂಗಿಯೇ ಬೇಕಿತ್ತು, ಹೆಸರು ಕೂಡ ಇಟ್ಟುಕೊಂಡಿದ್ದೆ.

ಪೂಜೆ ಮುಗಿಸಿ ಹೊರಡುವಾಗ ಜೋಯಿಸರು ದಕ್ಷಿಣೆ ತೆಗೆದುಕೊಂಡು ಅಪ್ಪನಿಗೆ ಹೇಳಿದರು: "ಒಕ್ಕಲಾದ ಮನೆಗೆ ಮೂರು ತಿಂಗಳು ಬೀಗ ಬೀಳಬಾರದು. ಸಂಜೆ ದೀಪ ತಪ್ಪಬಾರದು. ಯಾರಾದರೂ ಒಬ್ಬರು ಇರಲೇಬೇಕು." ಇದು ನಮ್ಮ ಕಡೆ ಎಲ್ಲರೂ ನಡೆಸುವ ಪದ್ಧತಿ. ವಠಾರದಲ್ಲೋ ಬೀದಿಯಲ್ಲೋ ಇದ್ದರೆ ಒಂದು ಅತ್ತೆ, ಒಂದು ನಾದಿನಿ, ಪಕ್ಕದ ಮನೆಯ ಮುದುಕಿ, ಯಾರೋ ಒಬ್ಬರು ಬಾಗಿಲಲ್ಲಿ ಕೂತಿರುತ್ತಾರೆ, ಪದ್ಧತಿ ತಾನಾಗಿ ನಡೆದುಹೋಗುತ್ತದೆ. ಆ ಬಯಲಿನಲ್ಲಿ 'ಯಾರಾದರೂ ಒಬ್ಬರು' ಅಂದರೆ ಅವ್ವ ಒಬ್ಬಳೇ. ಅಪ್ಪ ಬೀಗವನ್ನೇ ಕೊಳ್ಳಲಿಲ್ಲ.

ಬೆಳಿಗ್ಗೆ ನಾನೂ ಅಪ್ಪನೂ ಮೊಪೆಡ್ಡಿನಲ್ಲಿ ಊರಿಗೆ ಹೋದರೆ ಅವ್ವ ಹೊಸಿಲಲ್ಲಿ ನಿಂತಿರುತ್ತಿದ್ದಳು. ಸಂಜೆ ನಾನು ಬಸ್ಸಿನವನನ್ನು ಗೋಗರೆದು ಇಳಿದು ಮಣ್ಣುರಸ್ತೆಯಲ್ಲಿ ನಡೆದು ಬಂದರೆ ಅದೇ ಹೊಸಿಲಲ್ಲಿ ಕೂತಿರುತ್ತಿದ್ದಳು. ಅಪ್ಪ ಹೇಳಿದ ಗಾಳಿ ನಿಜವಾಗಿಯೂ ಇತ್ತು. ಆಷಾಢದ ಗಾಳಿ ರೊಯ್ಯೆಂದು ಬೀಸಿ, ಸಾರಿನೊಳಕ್ಕೆ ಕೆಂಪು ಧೂಳು ಹಾಕುತ್ತಿತ್ತು. ಅಷ್ಟಗಲದ ರಸ್ತೆಗಳಲ್ಲಿ ಎಷ್ಟು ಬೇಕಾದರೂ ದೊಡ್ಡ ಕುಂಟೆಬಿಲ್ಲೆ ಬರೆಯಬಹುದಿತ್ತು. ನಾನು ಬರೆದೆ, ಒಬ್ಬಳೇ ಕುಂಟಿದೆ, ಒಬ್ಬಳೇ ಗೆದ್ದೆ. ನಾಲ್ಕು ದಿನಕ್ಕೆ ಬಿಟ್ಟುಬಿಟ್ಟೆ.

ಒಂದು ಭಾನುವಾರ ಸಾಕಮ್ಮ ಉಪ್ಸಾರಿನ ಡಬ್ಬಿ ಹಿಡಿದು ಬಂದಳು. ಅವ್ವ ಆ ಡಬ್ಬಿಯ ಮುಂದೆ ಕೂತು ಮುದ್ದೆಯ ಮೇಲೆ ಮುದ್ದೆ ಉಂಡಳು. ಸಾಕಮ್ಮ ಸುತ್ತಲ ನಂಬರು ಕಲ್ಲುಗಳನ್ನು ನೋಡಿದಳು.

"ಇದೇನಮ್ಮಿ, ಗೋರಿ ಕಲ್ಲು ನೆಟ್ಟಂಗದೆ. ದನಿಗೆ ದನಿ ಇಲ್ಲ. ಇಲ್ಲಿ ಎಂಗಿದ್ದೀಯೆ ನೀನು? ಎರಿಗೆ ಆಗೋ ಗಂಟ ನಮ್ಮಟ್ಟಿಗೆ ಬಂದ್ಬುಡು."

"ಬಾಗ್ಲಿಗೆ ಬೀಗ ಆಕೂ ಅಂಗಿಲ್ವಲ್ಲಕ್ಕ. ಮೂರ್ ತಿಂಗ್ಳು ತುಂಬ್ಲಿ, ಬತ್ತೀನಿ."

"ಮನೆಗೆ ನೀನಾ, ನಿನಗೆ ಮನೆನಾ?"

ಅವ್ವ ನಕ್ಕಳು. ಅಂದು ರಾತ್ರಿ ಊಟದ ಹೊತ್ತಿಗೆ ಅಪ್ಪನನ್ನು ಕೇಳಿದಳು: "ಮದ್ಯಾನ್ದಲ್ಲಿ ವಸಿ ಒತ್ತು ಸಾಕಕ್ಕನ ಅಟ್ಟಿಗೆ ಓಗಿ ಬರ್ಲಾ?" ಅಪ್ಪ ಬಯ್ಯಲಿಲ್ಲ. ಅವನು ಬಯ್ಯುವ ಜಾತಿಯವನೇ ಅಲ್ಲ. "ಮನೆ ಯಾರ್ ನೋಡ್ಕತಾರೆ ಗೌರಿ? ಇನ್ ವಸಿ ದಿನ. ಆಮೇಲೆ ನಾನೇ ಕರ್ಕ ಓಗ್ತೀನಿ" ಅಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಈಗಲೂ ಆಗುವುದಿಲ್ಲ, ಹಾಗೆಂದು ಸಿಟ್ಟೂ ಹೋಗಿಲ್ಲ.

ಆಷಾಢ ಮುಗಿಯುತ್ತಾ ಬಂದಿತ್ತು. ಆ ದಿನ ಶಾಲೆಯಿಂದ ಬರುವಾಗ ರಸ್ತೆಯಲ್ಲಿರುವಾಗಲೇ ಟಕ್ ಟಕ್ ಅಂತ ಸದ್ದು ಕೇಳಿಸಿತು. ಬಡಗಿ ಚಿಲಕ ಹಾಕಲು ಬಂದಿದ್ದಾನೆ ಅಂದುಕೊಂಡು ಓಡಿದೆ. ಹೊಸಿಲಲ್ಲಿ ಅವ್ವ ಇರಲಿಲ್ಲ.

ಅಡುಗೆಮನೆಯಲ್ಲಿ, ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ಸೀರೆ ಒದ್ದೆಯಾಗಿತ್ತು. ಕೈಯಲ್ಲಿ ಮುದ್ದೆ ಕೋಲಿತ್ತು. ಕಣ್ಣು ಮುಚ್ಚಿಕೊಂಡು ಗೋಡೆಗೆ ಹೊಡೆಯುತ್ತಿದ್ದಳು. ಎರಡು ಏಟು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಎರಡು ಏಟು. ಗೋಡೆಯ ಆ ಕಡೆ ಬರೀ ಹೊಲ.

"ಅವ್ವಾ!"

"ಬೆಳಗಿಂದ ಒಟ್ಟೆ ಇಂಡ್ತಾ ಅದೆ ಕಣಮ್ಮಿ. ಅಪ್ಪ ಬತ್ತಾರೆ ಅಂತ ಕೂತ್ಕಂಡೆ."

"ಬೆಳಿಗ್ಗೆನೇ ಬಸ್ ಅತ್ಬೋದಿತ್ತಲ್ಲವ್ವ?"

"ಮನೆ ಬುಟ್ಟು ಎಂಗ್ ಓಗನೆ?"

ನಾನು ಮುಖ್ಯರಸ್ತೆಗೆ ಓಡಿ ಕೈ ಚಾಚಿ ನಿಂತೆ. ಗುಂಡ್ಲುಪೇಟೆ ಕಡೆಯಿಂದ ಬಂದ ಲಾರಿಗಳು ಎಲ್ಲ ಕೈಗಳನ್ನೂ ನೋಡುವಂತೆ ನನ್ನ ಕೈಯನ್ನೂ ನೋಡಿಕೊಂಡು ಹೋದವು. ಕೊನೆಗೆ ಎಲೆಕೋಸು ತುಂಬಿದ ಒಂದು ಟೆಂಪೋ ನಿಂತಿತು. ಡ್ರೈವರ್ ನನ್ನ ಮುಖ ನೋಡಿದವನೇ ಏನೂ ಕೇಳದೆ ಗಾಡಿಯನ್ನು ಮಣ್ಣುರಸ್ತೆಗೆ ತಿರುಗಿಸಿದ. ಅವನೂ ನಾನೂ ಅವ್ವನನ್ನು ಎಬ್ಬಿಸಿ, ಹಿಂದೆ ಕೋಸಿನ ರಾಶಿ ಸರಿಸಿ, ಗೋಣಿಚೀಲ ಹಾಸಿ ಮಲಗಿಸಿದೆವು. ಹೊತ್ತು ಮುಳುಗುತ್ತಿತ್ತು. ಅವ್ವ ನನ್ನ ಕೈ ಬಿಡಿಸಿಕೊಂಡಳು.

"ಮೊದ್ಲು ದೀಪ ಅಚ್ಬುಟ್ಟು ಬಾ."

ಒಳಗೆ ಹೋಗಿ ದೇವರ ಗೂಡಿನ ಮುಂದೆ ದೀಪ ಹಚ್ಚಿ ಬಂದೆ. ಬೆಂಕಿಕಡ್ಡಿ ಗಾಳಿಗೆ ಆರಿ ಆರಿ ಹೋಗುತ್ತಿತ್ತು.

"ಬಾಗ್ಲಿಗೆ ಬೀಗ ಆಕಮ್ಮಿ, ಬಿರ್ರನೆ" ಅಂದ ಡ್ರೈವರ್.

"ಬೀಗ ಇಲ್ಲ ಮಾಮ."

ಆಸ್ಪತ್ರೆಯಲ್ಲಿ ತಂಗಿಯೇ ಹುಟ್ಟಿದ್ದಳು. ಅವಳು ಒಂದು ಸಲವೂ ಅಳಲಿಲ್ಲ. ಇನ್ನಷ್ಟು ಮುಂಚೆ ಕರೆತಂದಿದ್ದರೆ ಅಂತ ಡಾಕ್ಟರಮ್ಮ, ನಮ್ಮ ಹಿಂದೆಯೇ ಬಂದಿದ್ದ ಅಪ್ಪನಿಗೆ ಹೇಳಿ ಅರ್ಧಕ್ಕೆ ನಿಲ್ಲಿಸಿದರು. ಸಾಕಮ್ಮನಿಗೆ ಯಾರು ಸುದ್ದಿ ಮುಟ್ಟಿಸಿದರೋ, ಕೂದಲು ಕಟ್ಟದೆ ಓಡಿ ಬಂದವಳು ಆಸ್ಪತ್ರೆಯ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು: "ನಮ್ಮ ಗೋಡೆ ತಟ್ಟಿದ್ರೆ ನಾನ್ ಬತ್ತಿರ್ಲಿಲ್ವೇನಮ್ಮಿ!"

ಬೆಳಿಗ್ಗೆ ಅಪ್ಪನ ಜೊತೆ ಬಟ್ಟೆ ತರಲು ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಇಡೀ ರಾತ್ರಿ ಯಾರೂ ಇಲ್ಲದ ಮನೆಯಲ್ಲಿ ಒಂದು ಚಮಚವೂ ಕಳುವಾಗಿರಲಿಲ್ಲ. ಕದಿಯಲು ಬರಬೇಕಾದರೂ ಅಲ್ಲಿಗೆ ಯಾರಾದರೂ ಬರಬೇಕಲ್ಲ. ಅಡುಗೆಮನೆಯ ಹೊಸ ಗಾರೆಯ ಮೇಲೆ ಮುದ್ದೆ ಕೋಲಿನ ಗುಳಿಗಳಿದ್ದವು, ಕೂತವಳ ಕೈಯೆತ್ತರಕ್ಕೆ. ಅಪ್ಪ ಅವುಗಳ ಮುಂದೆ ಕೂತು ಒಂದೊಂದರ ಮೇಲೂ ಬೆರಳಿಟ್ಟು ನೋಡಿದ.

ವಾರ ಕಳೆಯುವುದರೊಳಗೆ ಬಡಗಿಯಿಂದ ಚಿಲಕ ಹಾಕಿಸಿ, ಪೇಟೆಯಿಂದ ದಪ್ಪ ಬೀಗ ತಂದ. ಮೂರು ತಿಂಗಳು ತುಂಬಲು ಇನ್ನೂ ದಿನವಿತ್ತು. "ನೀ ಎಲ್ಲಿಗ್ ಬೇಕಾದ್ರೂ ಓಗ್ ಬಾ ಗೌರಿ" ಅಂದ. ಅವ್ವ ಬೀಗವನ್ನು ಕೈಯಲ್ಲಿ ತೂಗಿ ನೋಡಿದಳು. "ಈಗ್ಯಾಕೆ?" ಅಂದಳು, ಅಷ್ಟೇ.

ಈಗ ಆ ಲೇಔಟಿನಲ್ಲಿ ಒಂದು ಸೈಟೂ ಖಾಲಿ ಇಲ್ಲ. ಮನೆಗೊಂದು ಗೇಟು, ಗೇಟಿಗೊಂದು 'ನಾಯಿ ಇದೆ' ಅನ್ನುವ ಬೋರ್ಡು. ಅಕ್ಕಪಕ್ಕದವರ ಹೆಸರು ಅಪ್ಪನಿಗೆ ಗೊತ್ತಿಲ್ಲ, ಮನೆ ನಂಬರು ಗೊತ್ತಿದೆ. ಪೇಟೆಯ ವಠಾರ ಕೆಡವಿ ಅಂಗಡಿ ಕಾಂಪ್ಲೆಕ್ಸ್ ಕಟ್ಟಿದ್ದಾರೆ, ನಲ್ಲಿ ಇದ್ದ ಜಾಗದಲ್ಲಿ ಬೈಕು ನಿಲ್ಲಿಸುತ್ತಾರೆ. ಸಾಕಮ್ಮ ಯಾವ ಕಡೆಗೆ ಹೋದಳೋ ಹೇಳುವವರು ಸಿಗಲಿಲ್ಲ. ಹುಡುಕಬೇಕಾದ ಕಾಲದಲ್ಲಿ ಅವ್ವ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಳು.

ನಾನು ಮದುವೆಯಾಗಿ ಮೈಸೂರಿಗೆ ಬಂದೆ. ಮನೆ ಕೊಳ್ಳುವಾಗ ರಿಂಗ್ ರೋಡಿನ ಆಚೆ ಒಂದು ಬಡಾವಣೆ ತೋರಿಸಿ, "ಪ್ರಶಾಂತ ವಾತಾವರಣ ಮೇಡಂ, ಒಂದು ಸದ್ದಿಲ್ಲ" ಅಂದ ಬ್ರೋಕರು. ನಾನು ಗಂಡನ ಕೈ ಹಿಡಿದು ಹೊರಟುಬಂದೆ. ಊರ ನಡುವೆ ಒಂದು ಹಳೆಯ ಫ್ಲ್ಯಾಟ್ ಕೊಂಡೆವು. ಬೆಳಕು ಕಡಿಮೆ, ಗಾಳಿ ಇಲ್ಲ. ಅಡುಗೆಮನೆಯ ಗೋಡೆಗೆ ಅಂಟಿಕೊಂಡು ಇನ್ನೊಂದು ಮನೆಯ ಅಡುಗೆಮನೆ ಇದೆ ಅನ್ನುವುದಕ್ಕೇ ನಾನು ಅದನ್ನು ಒಪ್ಪಿದ್ದು. ಆ ಗೋಡೆಯಾಚೆ ಯಾರಿದ್ದಾರೆ ಅಂತ ಇಷ್ಟು ವರ್ಷವಾದರೂ ನನಗೆ ಸರಿಯಾಗಿ ತಿಳಿದಿಲ್ಲ.

ಕಳೆದ ತಿಂಗಳು ಅವ್ವ ಬಂದಿದ್ದಳು. ಸಂಜೆ ಮುದ್ದೆ ತಿರುವುತ್ತಾ ನಿಂತವಳು, ಗೋಡೆಯಾಚೆ ಕುಕ್ಕರ್ ಕೂಗಿದ್ದನ್ನು ಕೇಳಿ ಕೈ ನಿಲ್ಲಿಸಿದಳು. "ಆ ಕಡೆ ಜನ ಅವ್ರಾ?" ಅಂದಳು. ಆಮೇಲೆ ಕೋಲನ್ನು ತೊಳೆದು, ಗೋಡೆಗೆ ಎರಡು ಏಟು ಹಾಕಿ, ಕಿವಿಗೊಟ್ಟಳು. ಮತ್ತೆ ಎರಡು ಏಟು ಹಾಕಿದಳು.

ಬಾಗಿಲಿನ ಗಂಟೆ ಹೊಡೆದುಕೊಂಡಿತು. ನಾನು ಓಡಿದೆ. ತೆರೆದರೆ ಪಕ್ಕದ ಮನೆಯ ಹುಡುಗಿ, ಮೊಬೈಲ್ ನೋಡುತ್ತಾ ನಿಂತಿದ್ದಳು. "ಆಂಟಿ, ನಮ್ಮ ಪಾಪು ಈಗಷ್ಟೇ ಮಲಗಿದೆ. ಸ್ವಲ್ಪ ಸೌಂಡ್ ಮಾಡಬೇಡಿ, ಪ್ಲೀಸ್" ಅಂದಳು. ನಾನು ಏನಾದರೂ ಹೇಳುವ ಮುಂಚೆ ಅವರ ಬಾಗಿಲು ಮುಚ್ಚಿ, ಬೀಗ ತಿರುಗಿದ ಸದ್ದಾಯಿತು.

ಅವ್ವ ಕೈಯಲ್ಲಿ ಕೋಲು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಆ ಮುಖದ ಮೇಲೆ ಅಂಥ ಕಳೆಯನ್ನು ನಾನು ವಠಾರ ಬಿಟ್ಟ ಮೇಲೆ ಕಂಡಿರಲಿಲ್ಲ.

"ಬಂದ್ರಾ? ಯಾರಮ್ಮಿ ಅದು?"

"ಯಾರೂ ಇಲ್ಲ ಕಣವ್ವ" ಅಂದೆ.