ವರ್ಷತೊಡಕಿನ ದಿನ ಮುಂದಿನ ಸೀಟು

ಯುಗಾದಿಯ ಮಾರನೆ ದಿನ ವರ್ಷತೊಡಕು. ಅಂದು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬುದು ನಮ್ಮ ಕಡೆಯ ನಂಬಿಕೆ. ಚಿಕ್ಕಂದಿನಲ್ಲಿ, ಇವತ್ತು ಅಳಬೇಡ ಎಂದು ಗದರಿಸಿ ಗದರಿಸಿಯೇ ಅವ್ವ ನನ್ನನ್ನು ಅಳಿಸುತ್ತಿದ್ದಳು.

ಈ ಸಲ ಹಬ್ಬಕ್ಕೆ ನಾನು ಹಳೆಯದೊಂದು ಕಾರು ಕೊಂಡು, ಅದರಲ್ಲೇ ನಮ್ಮೂರು ದೊಡ್ಡಗಾಜನೂರಿಗೆ ಹೋಗಿದ್ದೆ. ವರ್ಷತೊಡಕಿನ ದಿನ ದಿಂಬದ ಘಾಟಿಗೆ ಕರೆದುಕೊಂಡು ಹೋಗು ಎಂದು ಅವ್ವ ಮೊದಲೇ ಹೇಳಿಟ್ಟಿದ್ದಳು. ದಿಂಬದ ತಿರುವುಗಳನ್ನು ಅವಳು ನೂರು ಸಲ ಇಳಿದಿದ್ದಾಳೆ, ಒಂದು ಸಲವೂ ನೋಡಿಲ್ಲ. ಬಸ್ಸು ಹತ್ತಿದರೆ ಸಾಕು, ವಾಂತಿ. ಸತ್ಯಮಂಗಲ ಬರುವ ತನಕ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತ ಕೂರುತ್ತಾಳೆ. ಮುಂದಿನ ಸೀಟಿನಲ್ಲಿ ಕೂತರೆ ತಡೆಯುತ್ತದೆ ಎಂದು ಯಾರೋ ಹೇಳಿದ್ದರಂತೆ.

ಬೆಳಿಗ್ಗೆ ನೋಡಿದರೆ ಮುಂದಿನ ಸೀಟಿನಲ್ಲಿ ಅಪ್ಪ. ಅವನಿಗೆ ದಾರಿಯ ಹೊಲಗಳು ಚೆನ್ನಾಗಿ ಕಾಣಬೇಕಲ್ಲ! ಅವ್ವ ನಿಂಬೆಹಣ್ಣು ಹಿಡಿದು ಹಿಂದೆ ಕೂತಳು. ನನಗೆ ಮೈಯೆಲ್ಲ ಉರಿಯಿತು. ಅಂಥ ದಿನ ಜಗಳ ಬೇಡವೆಂದು ಹಲ್ಲು ಕಚ್ಚಿಕೊಂಡೆ.

ದಿಂಬ ನೋಡಲು ಹೊರಟ ನಾವು ನೋಡಿದ್ದು ಕೋಸು. ಆಮೇಲೆ ಅರಿಶಿನ. ಆಮೇಲೆ ಮತ್ತೆ ಕೋಸು. ಹೊಲ ಕಂಡಲ್ಲೆಲ್ಲ ಅಪ್ಪ ಇಳಿದು, ಗೊತ್ತಿದ್ದವರನ್ನು ಹೊಗಳಿ, ಗೊತ್ತಿಲ್ಲದವರಿಗೆ ಬುದ್ಧಿ ಹೇಳಿ ಬರುತ್ತಿದ್ದ. ಬಂದವರನ್ನು ಬರಿಗೈಯಲ್ಲಿ ಕಳಿಸುವ ಜನ ನಮ್ಮವರಲ್ಲ. ಡಿಕ್ಕಿಗೆ ಒಂದು ಮೂಟೆ ಬೆಳ್ಳುಳ್ಳಿ ಬಿತ್ತು. ಆ ವಾಸನೆಗೆ ಅವ್ವನ ನಿಂಬೆಹಣ್ಣು ಮೂಗಿಗೇ ಅಂಟಿಕೊಂಡಿತು. ತಿಗನಾರೆಯಲ್ಲಿ ಸೋದರಮಾವ ಹಣ್ಣಾದ ಬಾಳೆಗೊನೆಯೊಂದನ್ನು ನೆಂಟರನ್ನು ಕೂರಿಸಿದ ಹಾಗೆ ಅವಳ ಪಕ್ಕದಲ್ಲಿ ಕೂರಿಸಿದ.

ಕಾಡಿನ ಚೆಕ್‌ಪೋಸ್ಟಿನಲ್ಲಿ ಗಾರ್ಡು ಇಣುಕಿ ನೋಡಿದ. ಮುಂದೆ ರಸ್ತೆ ಪಕ್ಕದಲ್ಲೇ ಆನೆ ನಿಂತಿದೆ, ಗೊನೆ ಇದ್ದರೆ ಗಾಡಿ ಬಿಡುವುದಿಲ್ಲ ಎಂದ. ವರ್ಷವೆಲ್ಲ ಹೊಲದಿಂದ ಆನೆ ಓಡಿಸುವ ಮನೆಯವರು, ಹಣ್ಣು ಘಮಘಮಿಸಿಕೊಂಡು ಆನೆಯ ಮನೆ ಬಾಗಿಲಿಗೇ ಹೊರಟಿದ್ದೆವು. ಭಾಮೈದ ಕೊಟ್ಟದ್ದನ್ನು ಬಿಸಾಡುವುದುಂಟೇ, ಗಾಡಿ ತಿರುಗಿಸು ಎಂದ ಅಪ್ಪ.

ಅವ್ವ ನಿಂಬೆಹಣ್ಣನ್ನು ಸೀಟಿನ ಮೇಲಿಟ್ಟು ಇಳಿದಳು. ಗೊನೆಯನ್ನು ಎಳೆದುಕೊಂಡು ಹೋಗಿ, ಅಲ್ಲಿ ನಿಂತಿದ್ದ ಬಸ್ಸಿನ ಒಂದೊಂದು ಕಿಟಕಿಗೂ ಹಣ್ಣು ಹಂಚಿದಳು. ಉಳಿದ ಚಿಪ್ಪು ಗಾರ್ಡಿನ ಕೈಗೆ ಹೋಯಿತು. ಆಮೇಲೆ ಬಂದು ಅಪ್ಪನ ಕಡೆಯ ಬಾಗಿಲು ತೆಗೆದಳು.

"ಇಳೀರಿ. ಇವತ್ತು ನಾನು ಇಂದ್ಗಡೆ ಕೂತ್ರೆ ವರ್ಸೆಲ್ಲ ಇಂದ್ಗಡೇಯ."

ಇಡೀ ಬಸ್ಸು ಬಾಳೆಹಣ್ಣು ತಿನ್ನುತ್ತ ನೋಡುತ್ತಿತ್ತು. ಅಪ್ಪ ಇಳಿದ.

ಆನೆ ನಮ್ಮನ್ನು ಕಂಡರೂ ಕಾಣದ ಹಾಗೆ ಸೊಪ್ಪು ತಿನ್ನುತ್ತಿತ್ತು. ದಿಂಬದ ಅಂಚಿನಲ್ಲಿ ಅವ್ವ ಕೆಳಗಿನ ತಿರುವುಗಳನ್ನೂ ಅದರಾಚೆಯ ಬಯಲನ್ನೂ ನೋಡುತ್ತ ನಿಂತೇ ಇದ್ದಳು. ಕಣ್ಣು ತುಂಬಿತ್ತು.

"ಇಷ್ಟ್ ಚೆಂದಾಗದ. ಒಂದ್ಸಲಾನೂ ಕಣ್ಬುಟ್ಟು ನೋಡ್ನಿಲ್ವಲ್ಲ ಮಗಾ."

ಅಪ್ಪನೂ ನೋಡಲಿ ಎಂದು ತಿರುಗಿದೆ. ಅವನಿನ್ನೂ ಕಾರಿನ ಹಿಂದಿನ ಸೀಟಿನಲ್ಲೇ ಇದ್ದ. ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಿದ್ದ.